ಡ್ರಾಫ್ಟ್‌ನಲ್ಲೇ ಉಳಿದಿದ್ದ ಮೇಲ್

(ಗುರುತು ಸಿಗದ ಹಾಗೆ ಹೆಸರು, ಕೆಲವು ವಿವರ ಬದಲಿಸಿದ್ದೇನೆ.)

ಕೌನ್ಸೆಲಿಂಗ್‌ಗೆ ಬಂದ ರವಿ ಕೂತ ಕೂಡಲೇ ಫೋನ್ ತೆಗೆದು ನನ್ನ ಮುಂದೆ ಹಿಡಿದರು. ಮ್ಯಾನೇಜರ್‌ಗೆ ಬರೆದ ಮೇಲ್. 11 ದಿನದಿಂದ ರಾತ್ರಿ ಎದ್ದೆದ್ದು ತಿದ್ದುತ್ತಿದ್ದಾರೆ, ಕಳಿಸಿಲ್ಲ. ಈ ವರ್ಷ ಆಫೀಸಿನಲ್ಲಿ ಅವರ ಕೆಲಸಕ್ಕೆ ಕೊಡುವ ರೇಟಿಂಗ್ 4ರಿಂದ 3ಕ್ಕೆ ಇಳಿದಿತ್ತು. ಯಾಕೆ ಅಂತ ಯಾರೂ ಹೇಳಿರಲಿಲ್ಲ.

ಪಕ್ಕದ ಸೀಟಿನವರಿಗೂ ಹೀಗೇ ಆಗಿತ್ತು. ಆಕೆ ಅವತ್ತೇ ಕ್ಯಾಬಿನ್‌ಗೆ ನುಗ್ಗಿ ಜಗಳ ಮಾಡಿ ಬಂದರಂತೆ. ಎರಡು ದಿನಕ್ಕೆ ಎಂದಿನ ಹಾಗೆ ನಗುತ್ತಿದ್ದರಂತೆ. “ನನಗ್ಯಾಕೆ ಆಗ್ತಿಲ್ಲ ಮೇಡಂ? ನಾನು ಅಷ್ಟು ವೀಕಾ?”

ನಾನು “ಸ್ವಲ್ಪ ದಿನ ಅದನ್ನ ಬಿಟ್ಟುಬಿಡಿ” ಅಂದೆ. ತಪ್ಪು ಮಾಡಿದೆ. ಅವರ ಕಿವಿಗೆ ಅದು ‘ಆಗಿದ್ದು ಅನ್ಯಾಯವೇ ಅಲ್ಲ’ ಅಂತ ಕೇಳಿಸಿತು. ಮುಂದಿನ ಅರ್ಧ ಗಂಟೆ ಬರೀ ಹೂಂ, ಉಹೂಂ.

ಎರಡನೇ ಭೇಟಿಯಲ್ಲಿ ಇನ್ನೊಂದು ವಿಷಯ ಹೊರಬಿತ್ತು. “ನಾನಂತೂ ಯಾರಿಗೂ ಏನೂ ಮಾಡಿಲ್ಲ” ಅಂದವರು, ಸ್ವಲ್ಪ ಹೊತ್ತಿಗೆ, ಹೊಸ ಹುಡುಗನ ಶೀಟ್‌ನಲ್ಲಿ ತಪ್ಪು ಕಂಡರೂ ಸುಮ್ಮನಿದ್ದೆ ಅಂತ ಒಪ್ಪಿಕೊಂಡರು. ಮೇಲ್‌ಗಳಿಗೆ ಬೇಕಂತಲೇ ತಡವಾಗಿ ಉತ್ತರ ಕೊಡುತ್ತಿದ್ದರು. ಇದೂ ಸೇಡೇ ಅಲ್ವಾ? ಸದ್ದು ಮಾಡದ ಸೇಡು. ಬೇಗ ಆತಂಕ, ಬೇಸರಕ್ಕೆ ಬೀಳುವ ಸ್ವಭಾವ ಇದ್ದವರಲ್ಲಿ ಅನ್ಯಾಯ ಒಳಗೇ ಕುದಿಯುವುದು ಜಾಸ್ತಿ. ಸಿಡಿದು ಮುಗಿಸುವವರು ಬೇರೆ ಥರ. ಅದರಲ್ಲಿ ಗಟ್ಟಿ, ವೀಕು ಅನ್ನೋದೇನಿಲ್ಲ. ನೋವಿನ ಗಾತ್ರ ನೋಡಿ ಅನ್ಯಾಯದ ಗಾತ್ರ ಅಳೆಯಲೂ ಆಗುವುದಿಲ್ಲ.

ಒಂದು ಹಾಳೆಯ ಎಡಕ್ಕೆ ಆಗಿದ್ದು, ಬಲಕ್ಕೆ ತಾವು ಅಂದುಕೊಂಡಿದ್ದು ಬರೆಯಲು ಹೇಳಿದೆ. ಎಡಕ್ಕೆ ಎರಡೇ ಸಾಲು. ಬಲಕ್ಕೆ ಜಾಗ ಸಾಲದೆ ಹಾಳೆ ತಿರುಗಿಸಿದರು: ‘ನನ್ನನ್ನ ಓಡಿಸೋಕೆ ನೋಡ್ತಿದ್ದಾರೆ’, ‘ಎಲ್ಲರಿಗೂ ಗೊತ್ತಿತ್ತು’...

ಮೇಲ್‌ನಲ್ಲಿ ಎಡಗಡೆಯದ್ದು ಮಾತ್ರ ಇರಲಿ ಅಂದೆ. ಜೊತೆಗೆ ಯಾವ ಆಧಾರದ ಮೇಲೆ ರೇಟಿಂಗ್ ಕೊಟ್ಟರು, ಮತ್ತೆ ಪರಿಶೀಲಿಸಲು ದಾರಿ ಇದೆಯಾ ಎಂಬ ಎರಡು ಪ್ರಶ್ನೆ. ಬೆಳಿಗ್ಗೆ ಬರೆದು ಬೆಳಿಗ್ಗೆಯೇ ಕಳಿಸಬೇಕು. ಕಾರಣ ಕೇಳುವುದು ಸಣ್ಣ ವಿಷಯ ಅಲ್ಲ. 1990ರಲ್ಲಿ ಸಂಶೋಧಕ ಗ್ರೀನ್‌ಬರ್ಗ್ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಕಾರ್ಖಾನೆಗಳಲ್ಲಿ ಹತ್ತು ವಾರ ಶೇ. 15ರಷ್ಟು ಸಂಬಳ ಕಡಿತವಾಗಿತ್ತು. ಕಾರಣ ಬಿಡಿಸಿ ಹೇಳಿ ವಿಷಾದ ತೋರಿಸಿದ ಕಡೆ ಕೆಲಸಗಾರರ ಕಳ್ಳತನ ಕಡಿಮೆ ಇತ್ತು. ಕಡಿತ ಮಾತ್ರ ಎರಡೂ ಕಡೆ ಒಂದೇ.

ರವಿಗೆ ಉತ್ತರ ಬಂತು. ಬೇರೆ ತಂಡದಿಂದ ಆದ ವಿಳಂಬವನ್ನು ಇವರ ಲೆಕ್ಕಕ್ಕೆ ಹಾಕಿದ್ದರು. ದಿನಾಂಕಗಳ ಸಮೇತ ಆಕ್ಷೇಪ ಸಲ್ಲಿಸಿದ್ದಾರೆ. ರೇಟಿಂಗ್ ಇನ್ನೂ 3ರಲ್ಲೇ ಇದೆ.

ಹೊಸ ಹುಡುಗನಿಗೆ ಶೀಟ್‌ನ ತಪ್ಪು ತೋರಿಸಿಕೊಟ್ಟರಂತೆ. ಅದನ್ನು ನಾನು ಹೇಳಿರಲಿಲ್ಲ.