ಬೀಡಿ ಬಿಡುವ ಮೊದಲು ಡಾಕ್ಟರಿಗೊಂದು ಫೋನ್

ಪ್ರಶ್ನೆ: ತಮ್ಮನಿಗೆ 34 ವರ್ಷ. ಒಂಬತ್ತು ವರ್ಷದಿಂದ ಸ್ಕಿಜೋಫ್ರೇನಿಯಾಕ್ಕೆ ಮದ್ದು ತೆಗೆದುಕೊಳ್ಳುತ್ತಿದ್ದಾನೆ, ಈಗ ಕ್ಲೋಜಪಿನ್. ದಿನಕ್ಕೆ ಒಂದು ಕಟ್ಟು ಬೀಡಿ ಬೇಕು. ಅಮ್ಮ ಮನೆಯಲ್ಲೇ ಬೀಡಿ ಕಟ್ಟುವುದು, ಇವನು ಮೊರದಿಂದಲೇ ಎತ್ತಿಕೊಳ್ಳುತ್ತಾನೆ. ಹೋದ ವಾರ ಅವನಾಗಿಯೇ “ಅಕ್ಕ, ಇದು ಸಾಕು ನಂಗೆ” ಅಂದ. ನೆಂಟರು ಮಾತ್ರ, ಬೀಡಿಯೇ ಅವನಿಗೆ ಸಮಾಧಾನ, ಬಿಡಿಸಿದರೆ ಕಾಯಿಲೆ ಕೆರಳುತ್ತದೆ ಅನ್ನುತ್ತಾರೆ. ಬಿಡಿಸಬಹುದೇ?
(ಅಕ್ಕ, ಬದಿಯಡ್ಕ)

ಉತ್ತರ: ಬಿಡಿಸಬಹುದು. ಅವನೇ ಬಾಯಿಬಿಟ್ಟು ಕೇಳಿದ್ದಾನೆ, ಇದಕ್ಕಿಂತ ಒಳ್ಳೆಯ ಶುರು ಬೇರೆ ಇಲ್ಲ.

ನೆಂಟರ ಮಾತನ್ನು ಒಂದು ಕಾಲದಲ್ಲಿ ನಾವು ಡಾಕ್ಟರುಗಳೂ ನಂಬಿದ್ದೆವು. “ಪಾಪ, ಅವನಿಗೆ ಇರೋದು ಅದೊಂದೇ, ಸೇದಲಿ ಬಿಡಿ” ಅಂತ ನಾನೇ ಹೇಳಿದ್ದಿದೆ. ಸೇದಿದ ಕೂಡಲೇ ಸಿಗುವ ಆ ಸಮಾಧಾನದಲ್ಲಿ ಹೆಚ್ಚಿನದು, ಹಿಂದಿನ ಬೀಡಿಯ ನಿಕೋಟಿನ್ ಇಳಿದಾಗ ಹುಟ್ಟಿದ ಚಡಪಡಿಕೆ ತೀರಿದ್ದು, ಅಷ್ಟೇ. ಈ ಕಾಯಿಲೆ ಇರುವವರು ಬೇರೆಯವರಿಗಿಂತ ಬೇಗ ಸಾಯುವುದಕ್ಕೆ ಹೃದಯ, ಶ್ವಾಸಕೋಶದ ತೊಂದರೆಗಳೂ ದೊಡ್ಡ ಕಾರಣ.

ಆದರೆ ಮೊರವನ್ನು ಅಟ್ಟಕ್ಕೇರಿಸುವ ಮೊದಲು ಅವನ ಡಾಕ್ಟರಿಗೆ ಫೋನ್ ಮಾಡಿ. ಯಾಕೆ ಅಂದರೆ, ಬೀಡಿ ಹೊಗೆಯ ಟಾರು ಲಿವರಿನಲ್ಲಿ ಒಂದು ಕಿಣ್ವವನ್ನು ಚುರುಕು ಮಾಡುತ್ತದೆ, ಆ ಕಿಣ್ವ ಕ್ಲೋಜಪಿನ್ನನ್ನು ಬೇಗ ಬೇಗ ಕರಗಿಸಿ ಹಾಕುತ್ತದೆ, ಹಾಗಾಗಿ ಸೇದುವವನಿಗೆ ಮಾತ್ರೆ ಜಾಸ್ತಿ ಬೇಕಾಗುತ್ತದೆ. ಹೊಗೆ ನಿಂತರೆ ಕಿಣ್ವ ತಣ್ಣಗಾಗುತ್ತದೆ. ಮಾತ್ರೆ ಅಷ್ಟೇ, ಆದರೆ ಒಂದೇ ವಾರದಲ್ಲಿ ರಕ್ತದಲ್ಲಿ ಮದ್ದು ಒಂದೂವರೆ ಪಟ್ಟು ಆಗಬಹುದು, ಕೆಲವರಿಗೆ ಅದಕ್ಕಿಂತಲೂ ಹೆಚ್ಚು.

ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು. ವಾರ್ಡಿನಲ್ಲಿ ಸೇದುವ ಹಾಗಿಲ್ಲ. ಒಬ್ಬ ಹುಡುಗ ಸೇರಿದ ಐದನೇ ದಿನಕ್ಕೆ ತಲೆದಿಂಬು ಒದ್ದೆಯಾಗುವಷ್ಟು ಜೊಲ್ಲು, ಹತ್ತು ಗಂಟೆಯಾದರೂ ಏಳುವುದಿಲ್ಲ. ಬೀಡಿಯ ವಿಷಯ ನಾನು ಕೇಳಿರಲೇ ಇಲ್ಲ. ಕೊನೆಗೆ ಮಾತ್ರೆ ಇಳಿಸಿ ಮನೆಗೆ ಕಳಿಸಿದೆ. ಬಸ್‌ಸ್ಟ್ಯಾಂಡಿನಲ್ಲೇ ಒಂದು ಕಟ್ಟು ಕೊಂಡನಂತೆ, ತಿಂಗಳೊಳಗೆ ಕಿವಿಯಲ್ಲಿ ಮಾತುಗಳು ವಾಪಸ್! ಬಿಟ್ಟರೂ ಹೇಳಬೇಕು, ಮತ್ತೆ ಹಿಡಿದರೂ ಹೇಳಬೇಕು.

ಹಾಗಾಗಿ ಬಿಡುವ ದಿನ ಮೊದಲೇ ಗೊತ್ತುಮಾಡಿ. ಡಾಕ್ಟರು ಮಾತ್ರೆಯನ್ನು ಮೆಲ್ಲ ಇಳಿಸುತ್ತಾರೆ, ನೀವಾಗಿ ಇಳಿಸಬೇಡಿ. ಹೊಸದಾಗಿ ಜೊಲ್ಲು, ವಿಪರೀತ ನಿದ್ದೆ, ತಲೆ ತಿರುಗು, ಎರಡು ಮೂರು ದಿನ ಕಕ್ಕಸಿಗೆ ಹೋಗದಿರುವುದು (ಮಲಬದ್ಧತೆ) ಕಂಡರೆ ಅದೇ ದಿನ ತಿಳಿಸಿ. ಫಿಟ್ಸ್ ಬಂದರೆ ನೇರ ಆಸ್ಪತ್ರೆಗೆ. ಚಾ, ಕಾಫಿ ಅರ್ಧ ಮಾಡಿ. ಅದನ್ನೂ ಕರಗಿಸುವುದು ಅದೇ ಕಿಣ್ವ, ಇಲ್ಲದಿದ್ದರೆ ರಾತ್ರಿ ನಿದ್ದೆ ಬಾರದೆ ಬೀಡಿ ಬಿಟ್ಟದ್ದೇ ತಪ್ಪು ಅಂತ ಅನಿಸಿಬಿಡುತ್ತದೆ.

ನಿಕೋಟಿನ್ ಗಮ್ ಕೊಡಬಹುದು, ಕಿಣ್ವಕ್ಕೂ ನಿಕೋಟಿನ್‌ಗೂ ಸಂಬಂಧ ಇಲ್ಲ. ಚ್ಯೂಯಿಂಗ್ ಗಮ್ ಹಾಗೆ ಜಗಿಯುತ್ತಲೇ ಇರುವುದಲ್ಲ. ಖಾರ ಬರುವವರೆಗೆ ಜಗಿದು, ಎಲೆಅಡಿಕೆಯ ಹಾಗೆ ದವಡೆಗೆ ಒತ್ತಿಡಬೇಕು. ಸೇದುವ ಚಟ ಬಿಡಿಸಲು ಕೊಡುವ ವರೆನಿಕ್ಲಿನ್ ಮಾತ್ರೆಯಿಂದ ಮನಸ್ಸು ಕೆಡುತ್ತದೆ ಅನ್ನುವ ಹೆದರಿಕೆ ಮೊದಲು ಇತ್ತು. 2016ರಲ್ಲಿ ಸುಮಾರು 8,000 ಜನರ ಮೇಲೆ, ಅರ್ಧದಷ್ಟು ಮಾನಸಿಕ ಕಾಯಿಲೆಯವರೇ, ನಡೆದ ಅಧ್ಯಯನದಲ್ಲಿ ಅಂಥ ಅಪಾಯ ಎದ್ದು ಕಾಣಲಿಲ್ಲ. ಚಟ ಬಿಡಿಸಲು ಕೊಡುವ ಇನ್ನೊಂದು ಮಾತ್ರೆ ಬುಪ್ರೊಪಿಯಾನ್ ಮಾತ್ರ ಬೇಡ, ಕ್ಲೋಜಪಿನ್ ಜೊತೆ ಫಿಟ್ಸ್ ಅಪಾಯ ಹೆಚ್ಚು.

ಇನ್ನು ಅಮ್ಮನ ಮೊರ. ಕೂಲಿ ಬಿಡಿ ಅಂತ ನಾನು ಹೇಗೆ ಹೇಳಲಿ? ಕಟ್ಟಿದ ಬೀಡಿಯನ್ನು ಆದಷ್ಟು ಬೇಗ ಬೀಡಿ ಕಂಪನಿಯ ಬ್ರಾಂಚಿಗೆ ಮುಟ್ಟಿಸಿ, ಕಟ್ಟುವ ಜಾಗವನ್ನು ಅವನ ಕಣ್ಣಿಗೆ ಬೀಳದ ಕಡೆ ಮಾಡಿ. ತಂಬಾಕು ಬಿಡಲು ಸಹಾಯ ಮಾಡುವ ಉಚಿತ ಫೋನ್, ಕ್ವಿಟ್‌ಲೈನ್ 1800-11-2356 ಇದೆ. ತಮಾಷೆ ಅಂದರೆ, ಈ ನಂಬರ್ ಬೀಡಿ ಪ್ಯಾಕೆಟ್ಟಿನ ಮೇಲೆಯೇ ಇರುತ್ತದೆ.

ಪ್ರಶ್ನೆ: ನಾನು ಒಲಾಂಜಪಿನ್ (ಇದೂ ಮಾನಸಿಕ ಕಾಯಿಲೆಯ ಮದ್ದು) ತೆಗೆದುಕೊಳ್ಳುವವನು. ಸಿಗರೇಟು ಬಿಟ್ಟು ಒಂದು ತಿಂಗಳಾಯಿತು, ಬದಲಿಗೆ ಎಲೆಅಡಿಕೆಗೆ ಹೊಗೆಸೊಪ್ಪು ಹಾಕುತ್ತೇನೆ. ಪರವಾಗಿಲ್ಲ ಅಲ್ವಾ?
(ಉಪ್ಪಳದ ಓದುಗರು)

ಉತ್ತರ: ಸಿಗರೇಟು ಬಿಟ್ಟದ್ದಕ್ಕೆ ಶಹಬ್ಬಾಸ್. ಹೊಗೆಸೊಪ್ಪಿಗೆ ಮಾತ್ರ ಪರವಾಗಿಲ್ಲ ಅನ್ನಲಾರೆ, ಬಾಯಿ ಕ್ಯಾನ್ಸರಿನ ದಾರಿ ಅದು. ಇನ್ನೊಂದು, ಒಲಾಂಜಪಿನ್‌ಗೂ ಮೇಲೆ ಹೇಳಿದ್ದೇ ಕತೆ. ಈ ಒಂದು ತಿಂಗಳಲ್ಲಿ ಹಗಲು ತೂಕಡಿಕೆ ಜಾಸ್ತಿಯಾಗಿದೆಯಾ? ಮಾತ್ರೆ ಇನ್ನೂ ಹಳೆಯ ಲೆಕ್ಕದಲ್ಲೇ ಇರಬಹುದು, ಈ ವಾರವೇ ಡಾಕ್ಟರಿಗೆ ತೋರಿಸಿ.