‘ದಿ ಜಂಗಲ್’ ಲೇಖನ: ತಿದ್ದಿ ಮತ್ತೆ ಕಳಿಸಿ

ನಮಸ್ಕಾರ.

ಕ್ಯೂಬಾದ ಕಲಾವಿದ ವಿಫ್ರೆಡೊ ಲಾಮ್ ಅವರ ‘ದಿ ಜಂಗಲ್’ ಚಿತ್ರದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಓದಿದ್ದೀರಿ, ಶ್ರಮ ಪಟ್ಟಿದ್ದೀರಿ, ಅದು ಕಾಣುತ್ತದೆ. ಆದರೆ ಚಿತ್ರವನ್ನು ನೋಡಿದ್ದಕ್ಕಿಂತ ಪಶ್ಚಿಮ ಆಫ್ರಿಕಾದ ಯೊರುಬಾ ಜನರ ದೇವತೆಗಳ ಪಟ್ಟಿ ನೋಡಿದ್ದೇ ಹೆಚ್ಚು.

ಚಿತ್ರದ ನಾಲ್ಕು ಆಕೃತಿಗಳಿಗೆ ಶಾಂಗೊ, ಓಶುನ್, ಯೆಮಾಯಾ, ಓಗುನ್ ಎಂದು ಒಂದೊಂದು ಹೆಸರು ಹಂಚಿಬಿಟ್ಟಿದ್ದೀರಿ. ಯಾವ ಆಧಾರದ ಮೇಲೆ? ಶಾಂಗೊನ ಗುರುತು ಇಬ್ಬಾಯಿ ಕೊಡಲಿ, ಕೆಂಪು-ಬಿಳಿ ಬಣ್ಣ. ಆ ಕೊಡಲಿ ಇಲ್ಲೆಲ್ಲಿದೆ? ನೀಲಿ ಕಂಡರೆ ಯೆಮಾಯಾ, ಹಳದಿ ಕಂಡರೆ ಓಶುನ್ ಎನ್ನಲು ಹೊರಟರೆ ಕಷ್ಟ, ಏಕೆಂದರೆ ಚಿತ್ರ ಪೂರ್ತಿ ನೀಲಿ, ಹಸಿರು, ಹಳದಿಯೇ. ಇನ್ನೊಂದು ಗೊಂದಲ: ಯೊರುಬಾ ನಾಡಿನ ಯೆಮೊಜಾ ಓಗುನ್ ಎಂಬ ಹೆಸರಿನ ನದಿಯ ದೇವತೆ. ಗುಲಾಮರ ಜೊತೆ ಕ್ಯೂಬಾಕ್ಕೆ ಬಂದ ಮೇಲೆ ಆಕೆ ಕಡಲ ತಾಯಿ ಯೆಮಾಯಾ ಆದಳು. ನೀವು ಒಂದು ಪ್ಯಾರಾದಲ್ಲಿ ನದಿ ಎನ್ನುತ್ತೀರಿ, ಮುಂದಿನದರಲ್ಲಿ ಕಡಲು, ನಡುವೆ ಏನಾಯಿತೆಂದು ಹೇಳುವುದೇ ಇಲ್ಲ.

ಈಗ ಎಡತುದಿಯ ಆಕೃತಿ ನೋಡಿ. ಅದರಲ್ಲಿ ಕುದುರೆಯ ಲಕ್ಷಣ ಇದೆ. ಯೊರುಬಾ ಬೇರಿನ ಕ್ಯೂಬಾದ ಧರ್ಮ ಸಾಂತೆರಿಯಾದಲ್ಲಿ ಒರಿಶಾ (ದೇವತೆ) ಮೈಮೇಲೆ ಬಂದವರನ್ನು ಆ ದೇವತೆಯ ಕುದುರೆ ಎನ್ನುತ್ತಾರೆ, ದೇವತೆ ಸವಾರ. ಕುದುರೆ ಮುಖದ ಹೆಣ್ಣು 1940ರ ದಶಕದ ಲಾಮ್ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತಾಳೆ. ಇಂಥದ್ದಕ್ಕೆ ನೀವು ಕೊಟ್ಟಿರುವುದು ಅರ್ಧ ಸಾಲು! ಲೇಖನ ಶುರುವಾಗಬೇಕಾದ್ದೇ ಇಲ್ಲಿಂದ. ತುಳುನಾಡಿನ ದೈವಗಳ ಜೊತೆ ಹೋಲಿಸಿದ ಮೂರು ಪ್ಯಾರಾ ತೆಗೆಯಿರಿ. ‘ಮೈಮೇಲೆ ಬರುವುದು’ ಎಂದರೆ ನಮ್ಮ ಓದುಗರಿಗೆ ಅರ್ಥವಾಗುತ್ತದೆ.

ಹಿಂದೆ ಒತ್ತಾಗಿ ನಿಂತ ಗಳಗಳನ್ನು ‘ಬಿದಿರು ಮೆಳೆ’ ಎಂದಿದ್ದೀರಿ. ಅದು ಕಬ್ಬು. ಹೆಸರಿಗೆ ಕಾಡು, ಬೆಳೆದಿರುವುದು ಗದ್ದೆಯ ಬೆಳೆ. ಮಂಡ್ಯದ ಓದುಗ ಇದನ್ನು ತಕ್ಷಣ ಹಿಡಿಯುತ್ತಾನೆ. ಆಫ್ರಿಕಾದಿಂದ ಜನರನ್ನು ಹಡಗು ತುಂಬಿ ತಂದದ್ದೇ ಬಹುಪಾಲು ಈ ಕಬ್ಬಿಗಾಗಿ. ಕ್ಯೂಬಾದಲ್ಲಿ ಗುಲಾಮಗಿರಿ ಕೊನೆಯಾದದ್ದು 1886ರಲ್ಲಿ, ಲಾಮ್ ಹುಟ್ಟಿದ್ದು 1902ರಲ್ಲಿ, ಸಕ್ಕರೆ ಸೀಮೆಯ ಸಾಗುವಾ ಲಾ ಗ್ರಾಂದೆ ಊರಿನಲ್ಲಿ. ಈ ಮೂರು ಸಂಗತಿ ಒಂದೇ ಕಡೆ ಬರಲಿ. ಬಲಗಡೆ ಮೇಲೆ ಒಂದು ಕೈ ಎತ್ತಿ ಹಿಡಿದ ಕತ್ತರಿಯ ಸುದ್ದಿಯೇ ನಿಮ್ಮಲ್ಲಿಲ್ಲ. ಸೇರಿಸಿ, ಆದರೆ ಅದಕ್ಕೆ ಒಂದೇ ಅರ್ಥ ಕಟ್ಟಬೇಡಿ.

ತಪ್ಪುಗಳು: ಇದು ನೇರ ಕ್ಯಾನ್ವಾಸಿನ ಮೇಲೆ ಬರೆದದ್ದಲ್ಲ, ಕಾಗದದ ಮೇಲೆ ಬರೆದದ್ದು, ಆ ಕಾಗದವನ್ನು ಆಮೇಲೆ ಕ್ಯಾನ್ವಾಸಿಗೆ ಅಂಟಿಸಿದ್ದು. ‘ದಪ್ಪ ಬಣ್ಣದ ಪದರಗಳು’ ಎಂಬ ವರ್ಣನೆಯೂ ಹೋಗಬೇಕು. ಕಾಲ 1942–43. ‘ವೂಡೂ ಚಿತ್ರ’ ಎನ್ನಬೇಡಿ, ವೂಡೂ ಹೈಟಿಯ ಧರ್ಮ, ಅದರ ಮುಖ್ಯ ಬೇರು ಪಶ್ಚಿಮ ಆಫ್ರಿಕಾದ ಫಾನ್ ಜನರಲ್ಲಿದೆ. ಲಾಮ್ ದೀಕ್ಷೆ ಪಡೆದ ಪೂಜಾರಿಯೂ ಅಲ್ಲ. ಸಾಂತೆರಿಯಾದ ಪೂಜಾರಿಣಿ ಆಗಿದ್ದವರು ಅವರ ಧರ್ಮತಾಯಿ ಮಾಂತೋನಿಕಾ ವಿಲ್ಸನ್. ತಂದೆ ಚೀನಾದಿಂದ ಬಂದವರು, ಅದನ್ನು ಬಿಟ್ಟಿದ್ದೀರಿ.

‘ಪಿಕಾಸೊ ಶಿಷ್ಯ’ ಎಂಬುದನ್ನು ಎಲ್ಲೆಲ್ಲಿ ಬರೆದಿದ್ದೀರೋ ಅಲ್ಲೆಲ್ಲ ಹೊಡೆದುಹಾಕಿ. ಬದಲಿಗೆ ಅಳತೆ ಕೊಡಿ: ಇದು 239.4 × 229.9 ಸೆಂ.ಮೀ., ಪಿಕಾಸೊ 1907ರಲ್ಲಿ ಬರೆದ ‘ದೆಮ್ವಾಸೆಲ್ ದಾವಿನ್ಯೋ’ 243.9 × 233.7. ಎರಡೂ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿವೆ. ಪಿಕಾಸೊ ಆಫ್ರಿಕಾದ ಮುಖವಾಡಗಳನ್ನು ನೋಡಿದ್ದು ಪ್ಯಾರಿಸ್ಸಿನ ಮ್ಯೂಸಿಯಮ್ಮಿನಲ್ಲಿ. ಲಾಮ್ 18 ವರ್ಷ ಯುರೋಪಿನಲ್ಲಿದ್ದು, 1941ರಲ್ಲಿ ಹವಾನಾಕ್ಕೆ ಮರಳಿ ಇದನ್ನು ಬರೆದರು. ಹೋಲಿಕೆಗೆ ಇಷ್ಟು ಸಾಕು.

ಜೊತೆಗಿಟ್ಟ ಫೋಟೋ ಹಾಕಲಾಗದು. ಲಾಮ್ ತೀರಿಕೊಂಡದ್ದು 1982ರಲ್ಲಿ, ಚಿತ್ರದ ಹಕ್ಕು ಇನ್ನೂ ವಾರಸುದಾರರ ಕಡೆ ಇದೆ. ಅನುಮತಿ ಕೇಳಿ ನೋಡುತ್ತೇವೆ. ಸಿಗದಿದ್ದರೂ ಓದಿದವರಿಗೆ ಚಿತ್ರ ಕಣ್ಣಿಗೆ ಕಟ್ಟುವಂತೆ ಮೊದಲ ಎರಡು ಪ್ಯಾರಾ ಹೊಸದಾಗಿ ಬರೆದು ಕಳಿಸಿ.