ಎನ್‌ಕ್ರಿಪ್ಟ್ ಆದ ಟ್ರಾಫಿಕ್‌ನಲ್ಲಿ ಪಾಸ್‌ವರ್ಡ್ ಕಳ್ಳರನ್ನು ಹಿಡಿಯುವುದು ಹೇಗೆ?

ಪ್ರಶ್ನೆ: ನಾನು ಕೆಲವು ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇನೆ. ಪಾಸ್‌ವರ್ಡ್ ಊಹಿಸುವ ದಾಳಿಯನ್ನು ನೆಟ್‌ವರ್ಕ್ ಟ್ರಾಫಿಕ್ ನೋಡಿಯೇ ಹಿಡಿಯಬಹುದು ಅಂತಾರೆ. ಆದರೆ ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಎನ್‌ಕ್ರಿಪ್ಟ್ (ಗುಪ್ತಲಿಪಿ) ಆಗಿರುತ್ತದೆ ಅಲ್ವಾ? ಏನೂ ಕಾಣದೆ ಹಿಡಿಯುವುದು ಹೇಗೆ?

ಉತ್ತರ: ಮುಚ್ಚಿದ ಬಾಗಿಲ ಹೊರಗೆ ಕೂತವನಿಗೆ ಒಳಗಿನ ಮಾತು ಕೇಳಿಸುವುದಿಲ್ಲ. ಆದರೆ ಯಾರು ಬಂದರು, ಎಷ್ಟು ಹೊತ್ತು ಇದ್ದರು ಅನ್ನುವುದು ಗೊತ್ತಾಗುತ್ತದೆ. ರೌಟರ್‌ಗಳು ಬರೆದಿಡುವ ಸಂಪರ್ಕಗಳ ದಾಖಲೆ, ಅಂದರೆ ನೆಟ್‌ಫ್ಲೋ, ಕೊಡುವುದೂ ಅಷ್ಟೇ ಲೆಕ್ಕ: ಎಲ್ಲಿಂದ, ಎಲ್ಲಿಗೆ, ಯಾವ ಪೋರ್ಟ್, ಎಷ್ಟು ಪ್ಯಾಕೆಟ್, ಎಷ್ಟು ಬೈಟ್, ಎಷ್ಟು ಸೆಕೆಂಡ್.

ಎಸ್‌ಎಸ್‌ಎಚ್ ಸಾಮಾನ್ಯವಾಗಿ ಬಳಸುವ ಪೋರ್ಟ್ 22ರ ಲೆಕ್ಕ ತೆಗೆದು ನೋಡಿ. ಮನುಷ್ಯರ ಸೆಷನ್ ಒಂದೊಂದು ಒಂದೊಂದು ಥರ ಇರುತ್ತದೆ. ಊಹಿಸುವ ಪ್ರೋಗ್ರಾಂ ಹಾಗಲ್ಲ. ಸಾಲು ಸಾಲು ಸಂಪರ್ಕ, ಎಲ್ಲವೂ ಚುಟುಕು, ಎಲ್ಲದರ ಗಾತ್ರವೂ ಹೆಚ್ಚುಕಡಿಮೆ ಒಂದೇ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿರುವ ಎಸ್‌ಎಸ್‌ಎಚ್ ಸಾಫ್ಟ್‌ವೇರ್ ಓಪನ್‌ಎಸ್‌ಎಸ್‌ಎಚ್‌ನ ಸೆಟ್ಟಿಂಗ್ ಮುಟ್ಟದಿದ್ದರೆ ಒಂದು ಸಂಪರ್ಕದಲ್ಲಿ 6 ಸಲ ಮಾತ್ರ ಪ್ರಯತ್ನಿಸಬಹುದು. ಹಾಗಾಗಿ ದಾಳಿಕೋರ ಮತ್ತೆ ಮತ್ತೆ ಹೊಸದಾಗಿ ಬರಲೇಬೇಕು. ಸಿಕ್ಕಿಬೀಳುವುದು ಅಲ್ಲೇ. ಝೀಕ್ ಅನ್ನುವ ಉಚಿತ ಟೂಲ್ ಪ್ಯಾಕೆಟ್‌ಗಳ ಗಾತ್ರ ನೋಡಿಯೇ ಲಾಗಿನ್ ಆಯಿತೋ ಇಲ್ಲವೋ ಎಂದು ಅಂದಾಜು ಮಾಡುತ್ತದೆ. 30 ನಿಮಿಷದಲ್ಲಿ 30 ಸೋಲು ಕಂಡರೆ ಎಚ್ಚರಿಸುವುದು ಅದರ ಮೂಲ ಸೆಟ್ಟಿಂಗ್.

ನಾನಾದರೆ ಸಂಖ್ಯೆಗಿಂತ ಬೇರೊಂದಕ್ಕೆ ಹೆಚ್ಚು ಹೆದರುತ್ತೇನೆ. ಸಾವಿರ ಚುಟುಕು ಸಂಪರ್ಕಗಳಾದ ಮೇಲೆ ಅದೇ ವಿಳಾಸದಿಂದ ಒಂದು ಉದ್ದದ ಸೆಷನ್, ಬೈಟ್‌ಗಳೂ ಜಾಸ್ತಿ. ಅಂದರೆ ಊಹೆ ಸರಿಹೋಗಿರಬಹುದು. ಆಗ ಆ ವಿಳಾಸವನ್ನು ಬ್ಲಾಕ್ ಮಾಡಿ ಸುಮ್ನೆ ಕೂರಬೇಡಿ. ಸರ್ವರ್ ಒಳಗೇ ಹೋಗಿ ನೋಡಿ. ಕೆಲವರು ಊಹೆ ಒಂದು ಕಡೆಯಿಂದ ಮಾಡಿ, ಲಾಗಿನ್ ಇನ್ನೊಂದು ಕಡೆಯಿಂದ ಆಗುತ್ತಾರೆ, ಅದೂ ನೆನಪಿರಲಿ.

ಸುಳ್ಳು ಅಲಾರಂ ಕೂಡ ಬರುತ್ತದೆ. ಪಾಸ್‌ವರ್ಡ್ ಬದಲಿಸಿದ್ದು ಗೊತ್ತಿಲ್ಲದ ಬ್ಯಾಕಪ್ ಸ್ಕ್ರಿಪ್ಟ್ ಹಳೆಯದನ್ನೇ ಹಿಡಿದು ರಾತ್ರಿಯಿಡೀ ಬಾಗಿಲು ಬಡಿಯುವುದು ಮಾಮೂಲು. ಅದು ಬರುವುದು ನಿಮ್ಮದೇ ವಿಳಾಸದಿಂದ, ಅದೂ ಗಡಿಯಾರ ನೋಡಿಕೊಂಡ ಹಾಗೆ.

ತಾಪತ್ರಯ ಇರುವುದು ನಿಧಾನಸ್ಥರ ಹತ್ತಿರ. ನೂರಾರು ವಿಳಾಸ, ಒಂದೊಂದರಿಂದ ಗಂಟೆಗೆ ಒಂದೇ ಪ್ರಯತ್ನ. ಬರುವ ಒಂದೊಂದು ವಿಳಾಸದ ಲೆಕ್ಕ ಇಟ್ಟರೆ ಇವರು ಕಾಣುವುದಿಲ್ಲ. ಲೆಕ್ಕವನ್ನು ಸರ್ವರ್ ಕಡೆಯಿಂದ ಹಾಕಿ: ಈ ಸರ್ವರ್‌ಗೆ ಇವತ್ತು ಒಟ್ಟು ಎಷ್ಟು ಚುಟುಕು ಸಂಪರ್ಕ ಬಂತು, ನಿನ್ನೆ ಎಷ್ಟಿತ್ತು? ಒಂದೇ ಪಾಸ್‌ವರ್ಡನ್ನು ಹತ್ತಾರು ಖಾತೆಗಳ ಮೇಲೆ ಪ್ರಯೋಗಿಸಿದರೆ ಮಾತ್ರ ಟ್ರಾಫಿಕ್‌ನಿಂದ ಅದು ತಿಳಿಯದು. ಯಾವ ಖಾತೆ ಅನ್ನುವುದು ಎನ್‌ಕ್ರಿಪ್ಟ್ ಆಗಿರುತ್ತದಲ್ಲ. ಅದಕ್ಕೆ ಸರ್ವರ್‌ನ ಲಾಗ್ ಓದಲೇಬೇಕು.

ಅಂದಹಾಗೆ, ಸಾಧ್ಯವಿದ್ದರೆ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ, ಕೀ (ಪಾಸ್‌ವರ್ಡ್ ಬದಲು ನಿಮ್ಮ ಕಂಪ್ಯೂಟರ್‌ನಲ್ಲಿರುವ ರಹಸ್ಯ ಫೈಲ್) ಬಳಸಿ. ಬಾಗಿಲು ಬಡಿಯುವವರು ಬರುತ್ತಲೇ ಇರುತ್ತಾರೆ, ಊಹಿಸಲು ಪಾಸ್‌ವರ್ಡೇ ಇರುವುದಿಲ್ಲ.